ಗಣಕಯಂತ್ರದ ಫೋಲ್ಡರುಗಳಿಗೆ ಪ್ರವೇಶ ನಿರ್ಬಂಧ: ವರ್ತಕರು ತಿಳಿದಿರಬೇಕಾದ ಅಂಶಗಳು

ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯಾಗಲಿ, ಅಡಿಕೆ ಮಂಡಿಯಾಗಲಿ, ಹಿಂದೆ ಲೆಕ್ಕದ ಪುಸ್ತಕಗಳು ಸಂಜೆಯಾಗುತ್ತಲೇ ತಿಜೋರಿ ಸೇರುತ್ತಿದ್ದವು. ಬೀಗದ ಕೈ ಮಾಲೀಕರ ಬಳಿ ಇರುತ್ತಿತ್ತು. ಪುಸ್ತಕದಲ್ಲಿ ತಿದ್ದುಪಡಿಯಾದರೆ ಕೈಬರಹವೇ ತಿದ್ದಿದವರ ಗುರುತು ಹೇಳುತ್ತಿತ್ತು. ಇಂದು ಬೆಳೆಗಾರರ ಮುಂಗಡದ ಬಾಕಿ, ಖರೀದಿದಾರರ ಖಾತೆ, ದರಪಟ್ಟಿ, ನೌಕರರ ಸಂಬಳ ಎಲ್ಲವೂ ಒಂದೇ ಗಣಕಯಂತ್ರದಲ್ಲಿವೆ. ಮಾಲೀಕರು, ಅವರ ಮಕ್ಕಳು, ಗುಮಾಸ್ತರು, ಬಿಲ್ಲು ಬರೆಯುವವರು ಎಲ್ಲರೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಬಳಸಿ ಅದನ್ನು ತೆರೆಯುವುದು ಅನೇಕ ಸಂಸ್ಥೆಗಳಲ್ಲಿ ರೂಢಿಯಾಗಿದೆ. ಗಣಕಯಂತ್ರದಲ್ಲಿ ಕೈಬರಹವಿಲ್ಲ. ಒಂದು ಬಾಕಿ ಬದಲಾದರೆ ಅಥವಾ ಒಂದು ಫೈಲು ಮಾಯವಾದರೆ ಸಂಶಯ ಎಲ್ಲರ ಮೇಲೂ ಬೀಳುತ್ತದೆ. ಹೊಣೆ ಮಾತ್ರ ಯಾರದೂ ಆಗುವುದಿಲ್ಲ.

ಕಾನೂನಿನ ಅಪೇಕ್ಷೆ

ವಿದ್ಯುನ್ಮಾನ ರೂಪದಲ್ಲಿ ಲೆಕ್ಕ ಇಡುವವರು ತಿದ್ದಿದ ಅಥವಾ ಅಳಿಸಿದ ಪ್ರತಿಯೊಂದು ನಮೂದಿನ ದಾಖಲೆಯನ್ನು ಇಡಬೇಕೆಂದು ಜಿಎಸ್‌ಟಿ ನಿಯಮ 56 ವಿಧಿಸುತ್ತದೆ. ನಿಯಮ 57ರ ಪ್ರಕಾರ ಬ್ಯಾಕಪ್ ಇಡುವುದು ಕಡ್ಡಾಯ. ಅಧಿಕಾರಿಗಳು ಕೇಳಿದಾಗ ಫೈಲುಗಳ ವಿವರವನ್ನೂ ಪಾಸ್‌ವರ್ಡನ್ನೂ ಒದಗಿಸಬೇಕು. ವಾರ್ಷಿಕ ವಿವರಪತ್ರದ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಯ್ದಿಡಬೇಕೆಂದು ಕಲಂ 36 ಹೇಳುತ್ತದೆ. ಕಂಪನಿಗಳಿಗಂತೂ ತಿದ್ದುಪಡಿಯ ಜಾಡನ್ನು ದಾಖಲಿಸುವ ತಂತ್ರಾಂಶವೇ 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ. ಎಲ್ಲರೂ ಒಂದೇ ಹೆಸರಿನಲ್ಲಿ ಕೆಲಸ ಮಾಡುವಲ್ಲಿ ಇಂತಹ ಜಾಡಿನಿಂದ ಪ್ರಯೋಜನವಿಲ್ಲ. ಆದ್ದರಿಂದ ಪ್ರವೇಶ ನಿರ್ಬಂಧವೆಂದರೆ ಇಲಾಖೆಯಿಂದ ಲೆಕ್ಕ ಮುಚ್ಚಿಡುವ ಉಪಾಯವಲ್ಲ. ಯಾರ ಕೈಯಲ್ಲಿ ಯಾವ ಕೆಲಸ ಎಂಬುದನ್ನು ನಿಗದಿಪಡಿಸುವ ಕ್ರಮ.

ನಿರ್ಬಂಧದ ಸ್ವರೂಪ

ಭದ್ರಾವತಿಯ ಜನರಿಗೆ ಕಾರ್ಖಾನೆಯ ಗೇಟ್‌ಪಾಸ್ ಹೊಸದಲ್ಲ. ಪಾಸ್ ಇದ್ದವರು ಒಳಗೆ ಹೋಗಬಹುದು; ಆದರೆ ಎಲ್ಲ ವಿಭಾಗಗಳಿಗೂ ಹೋಗುವಂತಿಲ್ಲ. ವಿಂಡೋಸ್ ವ್ಯವಸ್ಥೆಯೂ ಹೀಗೆಯೇ. ಪ್ರತಿಯೊಬ್ಬರಿಗೂ ಒಂದು ಬಳಕೆದಾರ ಖಾತೆ ಇರುತ್ತದೆ. ಪ್ರತಿ ಫೋಲ್ಡರಿನ ಜೊತೆಗೆ ಯಾರಿಗೆ ಯಾವ ಹಕ್ಕು ಎಂಬ ಪಟ್ಟಿಯಿರುತ್ತದೆ. ಫೋಲ್ಡರ್ ತೆರೆಯುವಾಗಲೆಲ್ಲ ವಿಂಡೋಸ್ ಈ ಪಟ್ಟಿಯನ್ನು ನೋಡಿ ಬಿಡುತ್ತದೆ ಅಥವಾ ತಡೆಯುತ್ತದೆ. ಡಿಸ್ಕ್ ‘ಎನ್‌ಟಿಎಫ್‌ಎಸ್’ ವಿಧಾನದಲ್ಲಿದ್ದರೆ ಮಾತ್ರ ಈ ಪಟ್ಟಿ ಉಳಿಯುತ್ತದೆ. ಸಾಮಾನ್ಯ ಪೆನ್‌ಡ್ರೈವ್‌ಗಳಲ್ಲಿರುವ ‘ಫ್ಯಾಟ್32’ ಮತ್ತು ‘ಎಕ್ಸ್‌ಫ್ಯಾಟ್’ ವಿಧಾನಗಳಲ್ಲಿ ಈ ವ್ಯವಸ್ಥೆಯಿಲ್ಲ.

ಹಕ್ಕುಗಳಲ್ಲಿ ಮುಖ್ಯವಾದವು ಮೂರು. ‘ರೀಡ್’ ಎಂದರೆ ಓದುವುದು ಮಾತ್ರ. ‘ಮಾಡಿಫೈ’ ಎಂದರೆ ಓದುವುದು, ಬರೆಯುವುದು, ಅಳಿಸುವುದು. ‘ಫುಲ್ ಕಂಟ್ರೋಲ್’ ಎಂದರೆ ಇವೆಲ್ಲದರ ಜೊತೆಗೆ ಹಕ್ಕುಪಟ್ಟಿಯನ್ನೇ ಬದಲಿಸುವ ಅಧಿಕಾರ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಎರಕದ ಘಟಕವನ್ನು ಊಹಿಸಿಕೊಳ್ಳೋಣ. ಗ್ರಾಹಕರು ಕಳುಹಿಸಿದ ನಕ್ಷೆಗಳನ್ನು ಮೇಲ್ವಿಚಾರಕರು ಓದಬೇಕು, ತಿದ್ದಬಾರದು. ಒಂದು ಅಳತೆ ತಪ್ಪಿದರೂ ಎರಕ ಹೊಯ್ದ ಮಾಲೆಲ್ಲ ತಿರಸ್ಕೃತವಾದೀತು. ಆದ್ದರಿಂದ ಅವರಿಗೆ ‘ರೀಡ್’ ಸಾಕು. ಲೆಕ್ಕದ ಫೋಲ್ಡರಿನಲ್ಲಿ ಗುಮಾಸ್ತರಿಗೆ ‘ಮಾಡಿಫೈ’ ಬೇಕು. ಸಂಬಳ ಮತ್ತು ದರ ನಿಗದಿಯ ಫೋಲ್ಡರುಗಳು ಮಾಲೀಕರಿಗೆ ಮಾತ್ರ ತೆರೆದರೆ ಸಾಕು.

ಅನುಸರಿಸುವ ಕ್ರಮ

1. ಪ್ರತಿಯೊಬ್ಬರಿಗೂ ಪ್ರತ್ಯೇಕ ಬಳಕೆದಾರ ಖಾತೆ ಮತ್ತು ಪಾಸ್‌ವರ್ಡ್ ನೀಡಬೇಕು. ನೌಕರರ ಖಾತೆ ‘ಸ್ಟ್ಯಾಂಡರ್ಡ್’ ಆಗಿರಲಿ. ‘ಅಡ್ಮಿನಿಸ್ಟ್ರೇಟರ್’ ಖಾತೆಗೆ ಯಾವ ನಿರ್ಬಂಧವನ್ನಾದರೂ ತೆಗೆಯುವ ಶಕ್ತಿಯಿರುವುದರಿಂದ ಅದು ಮಾಲೀಕರ ಬಳಿಯೇ ಇರಲಿ.

2. ಫೋಲ್ಡರಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’, ಅದರಲ್ಲಿ ‘ಸೆಕ್ಯುರಿಟಿ’ ಆಯ್ದುಕೊಂಡರೆ ಪಟ್ಟಿ ಕಾಣುತ್ತದೆ. ಮೇಲಿನ ಫೋಲ್ಡರಿನ ಹಕ್ಕುಗಳು ಒಳಗಿನವುಗಳಿಗೂ ಪಿತ್ರಾರ್ಜಿತದಂತೆ ಇಳಿದು ಬರುತ್ತವೆ. ಇದನ್ನು ತಡೆಯಲು ‘ಅಡ್ವಾನ್ಸ್ಡ್’ನಲ್ಲಿ ‘ಡಿಸೇಬಲ್ ಇನ್‌ಹೆರಿಟೆನ್ಸ್’ ಒತ್ತಿ, ಇರುವ ಹಕ್ಕುಗಳನ್ನು ಉಳಿಸಿಕೊಳ್ಳುವ ಮೊದಲ ಆಯ್ಕೆಯನ್ನು ಒಪ್ಪಬೇಕು.

3. ಬಳಿಕ ಮಾಲೀಕರ ಖಾತೆಗೆ ‘ಫುಲ್ ಕಂಟ್ರೋಲ್’, ಸಂಬಂಧಪಟ್ಟ ನೌಕರರಿಗೆ ಅವರವರ ಕೆಲಸಕ್ಕೆ ತಕ್ಕ ಹಕ್ಕು ಸೇರಿಸಿ, ಆಮೇಲೆ ‘ಯೂಸರ್ಸ್’ ಮತ್ತು ‘ಆಥೆಂಟಿಕೇಟೆಡ್ ಯೂಸರ್ಸ್’ ಎಂಬ ಗುಂಪುಗಳನ್ನು ಪಟ್ಟಿಯಿಂದ ತೆಗೆಯಬೇಕು.

4. ‘ಡಿನೈ’ ಎಂಬ ನಿರಾಕರಣೆಯ ಗುರುತನ್ನು ಗುಂಪುಗಳಿಗೆ ಎಂದೂ ಹಾಕಬಾರದು. ಮಾಲೀಕರೂ ಆ ಗುಂಪಿಗೆ ಸೇರಿದವರೇ ಆದ್ದರಿಂದ ಅವರೇ ಹೊರಗುಳಿಯುವ ಸಂಭವವಿದೆ. ಹಕ್ಕು ಕೊಡದಿರುವುದೇ ಸಾಕಾದ ನಿರ್ಬಂಧ.

5. ಕೊನೆಗೆ ನೌಕರರ ಖಾತೆಯಲ್ಲಿ ಪ್ರವೇಶಿಸಿ ಪರೀಕ್ಷಿಸಬೇಕು.

ಹಲವು ಯಂತ್ರಗಳನ್ನು ಜೋಡಿಸಿ ಫೋಲ್ಡರನ್ನು ಹಂಚಿಕೊಂಡಿದ್ದರೆ ಹಂಚಿಕೆಯ ಹಕ್ಕು ಮತ್ತು ಫೋಲ್ಡರಿನ ಹಕ್ಕು ಎರಡನ್ನೂ ನೋಡಬೇಕು. ಇವೆರಡರಲ್ಲಿ ಕಿರಿದಾದುದೇ ಜಾರಿಗೆ ಬರುತ್ತದೆ.

ಮಾಲೀಕರಿಗೇ ಪ್ರವೇಶ ನಿರಾಕರಣೆ

ಹಳೆಯ ಯಂತ್ರ ಕೆಟ್ಟು ಅದರ ಡಿಸ್ಕನ್ನು ಹೊಸ ಯಂತ್ರಕ್ಕೆ ಜೋಡಿಸಿದಾಗ ‘ಆಕ್ಸೆಸ್ ಡಿನೈಡ್’ ಎಂಬ ಸೂಚನೆ ಬರುವುದುಂಟು. ಹೆಸರೂ ಪಾಸ್‌ವರ್ಡೂ ಹಿಂದಿನವೇ ಆಗಿದ್ದರೂ ಹೀಗಾಗುತ್ತದೆ. ಗೇಟ್‌ಪಾಸಿನಲ್ಲಿ ಹೆಸರಿಗಿಂತ ಸಂಖ್ಯೆ ಮುಖ್ಯವಾದಂತೆ ವಿಂಡೋಸ್ ಕೂಡ ಪ್ರತಿ ಖಾತೆಯನ್ನು ಒಳಗಿನ ಒಂದು ಸಂಖ್ಯೆಯಿಂದ ಗುರುತಿಸುತ್ತದೆ. ಹೊಸ ಯಂತ್ರದಲ್ಲಿ ಆ ಸಂಖ್ಯೆ ಬೇರೆ. ಮಾಹಿತಿ ನಾಶವಾಯಿತೆಂದು ಗಾಬರಿಗೊಂಡು ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸಬಾರದು. ಅಡ್ಮಿನಿಸ್ಟ್ರೇಟರ್ ಖಾತೆಯಿಂದ ‘ಅಡ್ವಾನ್ಸ್ಡ್’ನಲ್ಲಿ ‘ಓನರ್’ ಹೆಸರನ್ನು ಬದಲಿಸಿ, ಹಕ್ಕು ಕೊಟ್ಟುಕೊಂಡರೆ ಫೋಲ್ಡರ್ ತೆರೆಯುತ್ತದೆ.

ನಿರ್ಬಂಧದ ಮಿತಿಗಳು

ಇದೇ ಸಂಗತಿ ಒಂದು ಎಚ್ಚರಿಕೆಯೂ ಹೌದು. ಡಿಸ್ಕನ್ನು ಬಿಚ್ಚಿ ಒಯ್ದವರೂ ಹೀಗೆಯೇ ತೆರೆಯಬಲ್ಲರು. ಅದನ್ನು ತಡೆಯಲು ‘ಬಿಟ್‌ಲಾಕರ್’ನಂತಹ ಗೂಢಲಿಪಿ ವ್ಯವಸ್ಥೆ ಬೇಕು. ಅದರ ಮರುಪ್ರಾಪ್ತಿ ಸಂಖ್ಯೆಯನ್ನು ಬರೆದು ತಿಜೋರಿಯಲ್ಲಿಡಬೇಕು. ಅದು ಕಳೆದರೆ ಮಾಲೀಕರಿಗೂ ದಾರಿಯಿಲ್ಲ. ಓದುವ ಹಕ್ಕು ಕೊಟ್ಟರೆ ನಕಲು ಮಾಡುವ ಅವಕಾಶವನ್ನೂ ಕೊಟ್ಟಂತೆಯೇ ಎಂಬುದು ಎರಡನೆಯ ಮಿತಿ. ಟ್ಯಾಲಿಯಲ್ಲಿ ನಮೂದು ಮಾಡುವವರಿಗೆ ಅದರ ಮಾಹಿತಿಯ ಫೋಲ್ಡರಿನಲ್ಲಿ ಬರೆಯುವ ಹಕ್ಕು ಇರಲೇಬೇಕು. ಯಾರು ಯಾವ ವೋಚರ್ ತಿದ್ದಬಹುದೆಂಬುದನ್ನು ಟ್ಯಾಲಿಯ ಒಳಗಿನ ಬಳಕೆದಾರ ಭದ್ರತೆಯಲ್ಲಿಯೇ ನಿಗದಿಪಡಿಸಬೇಕು.

ಹಣಕ್ಕಾಗಿ ಫೈಲುಗಳನ್ನು ಒತ್ತೆಯಿಡುವ ದುಷ್ಟ ತಂತ್ರಾಂಶಗಳು ಸಾಮಾನ್ಯವಾಗಿ ಅವುಗಳನ್ನು ತೆರೆದ ಬಳಕೆದಾರರ ಹಕ್ಕಿನಲ್ಲಿಯೇ ಓಡುತ್ತವೆ. ಹಕ್ಕು ಕಿರಿದಾದಷ್ಟೂ ಹಾನಿ ಕಿರಿದು. ಆದರೂ ಬ್ಯಾಕಪ್‌ಗೆ ಇದು ಬದಲಿಯಲ್ಲ. ಬ್ಯಾಕಪ್ ಡಿಸ್ಕನ್ನು ಕೆಲಸ ಮುಗಿದೊಡನೆ ಯಂತ್ರದಿಂದ ಬೇರ್ಪಡಿಸಿ ಬೇರೆಡೆ ಇಡುವುದು ಕ್ಷೇಮ.

ಹಳೆಯ ನಂಬಿಗಸ್ತ ಗುಮಾಸ್ತರಿಗೆ ನಿರ್ಬಂಧ ಹಾಕುವುದು ಹೇಗೆ ಎಂಬ ಸಂಕೋಚದಿಂದ ಅನೇಕ ಮಾಲೀಕರು ಈ ಕೆಲಸಕ್ಕೆ ಕೈಹಾಕುವುದಿಲ್ಲ. ಹಣ ಎಣಿಸುವವರು ಬೇರೆ, ಲೆಕ್ಕ ಬರೆಯುವವರು ಬೇರೆ ಇರಬೇಕೆಂಬುದು ಪುಸ್ತಕದ ಕಾಲದಿಂದಲೂ ಬಂದ ನಿಯಮ. ಅದರಲ್ಲಿ ಯಾರೂ ಅವಮಾನ ಕಂಡವರಲ್ಲ. ತನಗೆ ಪ್ರವೇಶವೇ ಇಲ್ಲದ ಫೋಲ್ಡರಿನಲ್ಲಿ ಏನಾದರೂ ತಪ್ಪಿದರೆ ಆ ಗುಮಾಸ್ತರ ಮೇಲೆ ಬೆರಳು ತೋರಿಸುವಂತಿಲ್ಲ. ಪ್ರವೇಶ ನಿರ್ಬಂಧವು ಮಾಲೀಕರ ಲೆಕ್ಕವನ್ನು ಎಷ್ಟು ಕಾಯುತ್ತದೆಯೋ ನೌಕರರ ಹೆಸರನ್ನೂ ಅಷ್ಟೇ ಕಾಯುತ್ತದೆ.