ಮೆಣಸಿನಕಾಯಿಯಲ್ಲಿ ಕೀಟನಾಶಕದ ಉಳಿಕೆ: ಪತ್ತೆ ಹಚ್ಚುವ ಬಗೆ

ಕುಂದಗೋಳ, ಹುಬ್ಬಳ್ಳಿ ಭಾಗದ ರೈತರು ಒಣ ಮೆಣಸಿನಕಾಯಿಯನ್ನು ಅಮರಗೋಳದ ಮಾರುಕಟ್ಟೆಗೋ ಬ್ಯಾಡಗಿಗೋ ಒಯ್ಯುತ್ತಾರೆ. ಅಲ್ಲಿ ಬಣ್ಣ, ಸುಕ್ಕು, ತೇವ ನೋಡಿ ದರ ಕಟ್ಟುತ್ತಾರೆ. ಆದರೆ ರಫ್ತಾಗುವ ಮಾಲಿಗೆ ಇನ್ನೊಂದು ಪರೀಕ್ಷೆಯುಂಟು. ಅದೇ ಕೀಟನಾಶಕದ ಉಳಿಕೆಯ ಪರೀಕ್ಷೆ. ಉಳಿಕೆ ಮಿತಿ ಮೀರಿದರೆ ಮಾಲು ತಿರಸ್ಕೃತವಾಗುತ್ತದೆ. ಆದ್ದರಿಂದ ಇದು ನಡೆಯುವ ಬಗೆಯನ್ನು ರೈತ ಬಾಂಧವರು ತಿಳಿದಿರುವುದು ಲೇಸು.

ಕಾಯಿಯ ಪುಡಿಯಿಂದ ತೆಗೆದ ಸತ್ವವನ್ನು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರಕ್ಕೆ ಕೊಡುತ್ತಾರೆ. ಇದು ಅಣುಗಳನ್ನು ತೂಗುವ ತಕ್ಕಡಿ ಎನ್ನಬಹುದು. ಮೊದಲು ಇಡೀ ಅಣುವನ್ನು ತೂಗುತ್ತದೆ. ಬಳಿಕ ಅದನ್ನು ಒಡೆದು ಚೂರುಗಳನ್ನು ತೂಗುತ್ತದೆ.

ಉದಾಹರಣೆಗೆ, ವಿದ್ಯುದಾವೇಶ ಪಡೆದ ಕಾರ್ಬರಿಲ್ ಅಣುವಿನ ತೂಕ 202. ಒಡೆದಾಗ 145ರ ಚೂರು ಸಿಗುತ್ತದೆ. ಕಳೆದುಹೋದದ್ದು 57. ಕಾರ್ಬೊಫ್ಯುರಾನ್ 222ರಿಂದ 165ಕ್ಕೆ ಇಳಿಯುತ್ತದೆ. ಇಲ್ಲಿಯೂ ನಷ್ಟ 57. ಈ 57 ಎಂದರೆ ಮೀಥೈಲ್ ಐಸೊಸಯನೇಟ್. 1984ರಲ್ಲಿ ಭೋಪಾಲದಲ್ಲಿ ಸೋರಿದ ವಿಷಾನಿಲ ಇದೇ. ಅಲ್ಲಿ ಇದರಿಂದಲೇ ಕಾರ್ಬರಿಲ್ ತಯಾರಿಸುತ್ತಿದ್ದರು.

ಒಂದು ಮಾದರಿಯಲ್ಲಿ ಸಾವಿರಾರು ಅಂಕಿಗಳು ಬರುತ್ತವೆ. ಕೈಯಿಂದ ಲೆಕ್ಕ ಮಾಡಲಾಗದು. ಕಂಪ್ಯೂಟರಿನ ಸಾಫ್ಟ್‌ವೇರ್ ಇಡೀ ಅಣುವಿನ ತೂಕದಿಂದ ಚೂರಿನ ತೂಕವನ್ನು ಕಳೆದು, 57 ಬಂದಲ್ಲೆಲ್ಲ ಗುರುತು ಹಾಕುತ್ತದೆ. ಬೇರೆ ವಸ್ತುವೂ 57 ಕಳೆದುಕೊಳ್ಳಬಹುದಲ್ಲವೇ? ನಿಜ. ಅದಕ್ಕಾಗಿ ಸೂಕ್ಷ್ಮ ಯಂತ್ರಗಳಲ್ಲಿ ದಶಾಂಶವನ್ನೂ ನೋಡುತ್ತಾರೆ. ಮೀಥೈಲ್ ಐಸೊಸಯನೇಟಿನ ನಿಖರ ತೂಕ 57.021, 57.058 ಬಂದರೆ ಅದು ಬೇರೆಯೇ ವಸ್ತು.

ನಷ್ಟದ ಅಂಕಿ ಕುಲವನ್ನು ಮಾತ್ರ ಸೂಚಿಸುತ್ತದೆ, ಹೆಸರನ್ನಲ್ಲ. ಇಡೀ ಅಣುವಿನ ತೂಕ, ಇನ್ನೊಂದು ಚೂರು, ಯಂತ್ರದ ಕೊಳವೆ ದಾಟಿದ ಸಮಯ, ಇವೆಲ್ಲ ಶುದ್ಧ ಮಾದರಿಯೊಡನೆ ಹೊಂದಿಕೆಯಾದ ಮೇಲೆಯೇ ವರದಿ ಬರೆಯಬೇಕು.

ರೈತರು ಗಮನಿಸಬೇಕಾದ ಅಂಶಗಳು:

1. ಕಾರ್ಬರಿಲ್ 2018ರಲ್ಲಿ ನಮ್ಮ ದೇಶದಲ್ಲಿ ನಿಷೇಧವಾಗಿದೆ. ಮನೆಯಲ್ಲಿ ಹಳೆಯ ದಾಸ್ತಾನಿದ್ದರೂ ಬಳಸಕೂಡದು.

2. ಬೆಳೆಗೆ ಶಿಫಾರಸಾದ ಔಷಧಿಯನ್ನೇ ಸಿಂಪಡಿಸಿ. ಡಬ್ಬಿಯ ಚೀಟಿಯಲ್ಲಿ ಹೇಳಿದಷ್ಟು ದಿನ ಕಳೆಯದೆ ಕಾಯಿ ಬಿಡಿಸಬೇಡಿ.

3. ಸಿಂಪಡಿಸಿದ ಔಷಧಿ, ಪ್ರಮಾಣ, ತಾರೀಖು ಬರೆದಿಡಿ.

4. ಪರೀಕ್ಷೆಗೆ ಒಂದೇ ಚೀಲದ ಕಾಯಿ ಕೊಡಬೇಡಿ. ಹಲವು ಚೀಲಗಳ ಮೇಲಿನ, ನಡುವಿನ, ತಳದ ಕಾಯಿ ಬೆರೆಸಿ ಕೊಡಿ.

ಮಾದರಿ ಸರಿಯಿಲ್ಲದಿದ್ದರೆ ಎಂಥ ಯಂತ್ರವಿದ್ದರೂ ನಿಮ್ಮ ಮಾಲಿನ ನಿಜಸ್ಥಿತಿ ತಿಳಿಯದು.