ದೂರದ ಗುರಿಗೆ ಎಂಥ ಕೋವಿ?

ಅಮೆರಿಕದ ವಯೋಮಿಂಗ್ ಸಂಸ್ಥಾನದಲ್ಲಿ ಮರಗಳೇ ವಿರಳವಾದ ವಿಶಾಲ ಹುಲ್ಲುಬಯಲುಗಳಿವೆ. ಅಲ್ಲಿ ಮೇಯುವ ಪ್ರಾಂಗ್‌ಹಾರ್ನ್ ಎಂಬ ಮೃಗವು ಉತ್ತರ ಅಮೆರಿಕದ ನೆಲಪ್ರಾಣಿಗಳಲ್ಲೆಲ್ಲ ಅತ್ಯಂತ ವೇಗವಾಗಿ ಓಡಬಲ್ಲದು. ಅದರ ದೃಷ್ಟಿಯೂ ಬಹು ತೀಕ್ಷ್ಣವಾದುದು. ಸರಕಾರದ ಪರವಾನಗಿ ಪಡೆದು, ಗೊತ್ತುಪಡಿಸಿದ ದಿನಗಳಲ್ಲಿ ಬೇಟೆಗೆ ಹೊರಡುವ ಅಲ್ಲಿಯ ಬೇಟೆಗಾರನಿಗೆ ಮರೆಯಿಂದ ಮರೆಗೆ ಸರಿದು ಪ್ರಾಣಿಯ ಸಮೀಪಕ್ಕೆ ಹೋಗುವುದು ಸುಲಭವಲ್ಲ. ದೂರದಿಂದಲೇ ಗುರಿಯಿಡಬೇಕು. ಅವನಲ್ಲಿರುವ ಹಣವೋ ಮಿತವಾದುದು. ಅವನು ಎಂಥ ಕೋವಿಯನ್ನು ಕೊಳ್ಳಬೇಕು?

ಈ ಪ್ರಶ್ನೆಯಿಂದ ನಮಗೇನಾಗಬೇಕು ಎಂದು ವಾಚಕರು ಕೇಳಬಹುದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವೂ 1991ರಲ್ಲಿ ಅದಕ್ಕೆ ಆದ ತಿದ್ದುಪಡಿಯೂ ವಿನೋದದ ಬೇಟೆಗೆ ಎಡೆಯನ್ನೇ ಉಳಿಸಿಲ್ಲ. ಅದು ಸರಿಯೂ ಹೌದು. ಆದರೆ ಮೇಲಿನ ಪ್ರಶ್ನೆ ಅಂಗಡಿಯ ಪ್ರಶ್ನೆಯಂತೆ ಕಂಡರೂ ನಿಜವಾಗಿ ಭೌತವಿಜ್ಞಾನದ ಪ್ರಶ್ನೆ. ಒಂದು ಕಾರ್ಯದಲ್ಲಿ ಹಲವು ದೋಷಗಳು ಸೇರಿಕೊಂಡಾಗ ಯಾವುದನ್ನು ಮೊದಲು ತಿದ್ದಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉದಾಹರಣೆಗಳು ಹೆಚ್ಚಿಲ್ಲ. ಇಲ್ಲಿ ಲೆಕ್ಕ ತಪ್ಪಿದರೆ ಹೋಗುವುದು ಪರೀಕ್ಷೆಯ ಅಂಕಗಳಲ್ಲ. ಗಾಯಗೊಂಡ ಪ್ರಾಣಿಯೊಂದು ಕಣ್ಮರೆಯಾಗಿ ನರಳಿ ಸಾಯುತ್ತದೆ.

ಗುಂಡು ಬೀಳುವ ಬಗೆ

ನಳಿಗೆಯಿಂದ ಹೊರಟ ಗುಂಡು ಸ್ವಲ್ಪ ದೂರ ನೇರವಾಗಿ ಹೋಗಿ ಆಮೇಲೆ ಬೀಳತೊಡಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು. ಹೊರಟ ಕ್ಷಣದಿಂದಲೇ ಅದು ನಳಿಗೆಯ ರೇಖೆಯಿಂದ ಕೆಳಕ್ಕೆ ಬೀಳುತ್ತಿರುತ್ತದೆ. ಉದಾಹರಣೆಗಾಗಿ, 2007ರಲ್ಲಿ ಬಳಕೆಗೆ ಬಂದ 6.5 ಕ್ರೀಡ್‌ಮೂರ್ ಎಂಬ ತೋಟೆಯನ್ನು ತೆಗೆದುಕೊಳ್ಳೋಣ. ಇದರಲ್ಲಿ ಬಳಸುವ ಒಂದು ಬಗೆಯ ಗುಂಡಿನ ತೂಕ ಸುಮಾರು 9.3 ಗ್ರಾಂ, ನಳಿಗೆಯನ್ನು ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 820 ಮೀಟರ್. ಅದು 300 ಮೀಟರ್ ದೂರವನ್ನು ಸುಮಾರು 0.4 ಸೆಕೆಂಡಿನಲ್ಲಿಯೂ, 500 ಮೀಟರ್ ದೂರವನ್ನು ಸುಮಾರು 0.7 ಸೆಕೆಂಡಿನಲ್ಲಿಯೂ ಕ್ರಮಿಸುತ್ತದೆ. ಬೀಳುವ ವಸ್ತುವಿನ ಸೂತ್ರ ನಮಗೆ ಗೊತ್ತಿದೆ. ½ × 9.8 × 0.4 × 0.4 ಎಂದು ಗುಣಿಸಿದರೆ ಸುಮಾರು 78 ಸೆಂಟಿಮೀಟರ್, 0.4ರ ಬದಲು 0.7 ಇಟ್ಟರೆ 2.4 ಮೀಟರ್. ದೂರ ಎರಡರಷ್ಟೂ ಆಗಲಿಲ್ಲ, ಬೀಳುವಿಕೆಯಾದರೋ ಮೂರರಷ್ಟಾಯಿತು. ಕಾಲದ ವರ್ಗದ ಪ್ರಭಾವವೇ ಇದು.

ಬೀಳುವಿಕೆ ಎಷ್ಟೇ ಇರಲಿ, ಅದನ್ನು ಮೊದಲೇ ಲೆಕ್ಕಹಾಕಿ ನಳಿಗೆಯನ್ನು ಅಷ್ಟು ಮೇಲಕ್ಕೆತ್ತಬಹುದು. ನಿಜವಾದ ಅಪಾಯವಿರುವುದು ದೂರವನ್ನು ತಪ್ಪಾಗಿ ಅಂದಾಜು ಮಾಡುವುದರಲ್ಲಿ. ಮುನ್ನೂರು ಮೀಟರ್ ದೂರವನ್ನು ನೂರಕ್ಕೆ ಹತ್ತರಷ್ಟು ಕಡಿಮೆಯಾಗಿ ಭಾವಿಸಿದರೆ ಗುಂಡು ಸುಮಾರು 9 ಸೆಂಟಿಮೀಟರ್ ಕೆಳಗೆ ತಗಲುತ್ತದೆ. ಐನೂರು ಮೀಟರಿನಲ್ಲಿ ಅಷ್ಟೇ ಪ್ರಮಾಣದ ತಪ್ಪು ಮಾಡಿದರೆ ಸುಮಾರು 30 ಸೆಂಟಿಮೀಟರ್ ಕೆಳಗೆ! ಪ್ರಾಂಗ್‌ಹಾರ್ನಿನ ಹೃದಯ ಮತ್ತು ಶ್ವಾಸಕೋಶಗಳಿರುವ ಮರ್ಮಸ್ಥಾನ ಹೆಚ್ಚುಕಡಮೆ ಒಂದು ಗೇಣಗಲದ್ದು, ಎಂದರೆ ಸುಮಾರು 22 ಸೆಂಟಿಮೀಟರ್. ಮೊದಲನೆಯ ತಪ್ಪನ್ನು ಅದು ಸಹಿಸಬಹುದು, ಎರಡನೆಯದನ್ನು ಸಹಿಸಲಾರದು.

ಗಾಳಿಯ ಪಾತ್ರ

ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸನು 1742ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗುಂಡಿನ ವೇಗವನ್ನು ಅಳೆಯುವ ಒಂದು ಸರಳ ಉಪಾಯವನ್ನು ವಿವರಿಸಿದನು. ತೂಗುಬಿಟ್ಟ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ಹಿಂದಕ್ಕೆ ತೂಗಿತು ಎಂಬುದರಿಂದ ವೇಗವನ್ನು ಲೆಕ್ಕಹಾಕುವ ಈ ಲೋಲಕವು ಇಂದಿಗೂ ಭೌತವಿಜ್ಞಾನದ ಪಠ್ಯಗಳಲ್ಲಿದೆ. ಗುಂಡಿಗೆ ವಾಯು ಒಡ್ಡುವ ನಿರೋಧ ಅಲ್ಪವೆಂದು ಬಗೆದಿದ್ದ ಆ ಕಾಲದವರಿಗೆ, ಅದು ಗುಂಡಿನ ಭಾರಕ್ಕಿಂತ ಎಷ್ಟೋ ಪಾಲು ಹೆಚ್ಚೆಂದು ರಾಬಿನ್ಸನು ತೋರಿಸಿಕೊಟ್ಟನು. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳ ಕೆಲಸಕ್ಕಾಗಿ ಭಾರತಕ್ಕೆ ಬಂದ ಈತ 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ನಮ್ಮ ಉದಾಹರಣೆಯ ಗುಂಡು ಉದ್ದನೆಯದು, ಕೂರಾದುದು, ಗಾಳಿಯನ್ನು ಸೀಳಿಕೊಂಡು ಹೋಗುವುದಕ್ಕೆಂದೇ ರೂಪಿಸಿದುದು. ಆದರೂ ನಳಿಗೆಯನ್ನು ಬಿಟ್ಟೊಡನೆ ಅದರ ಮೇಲೆ ಬೀಳುವ ವಾಯುನಿರೋಧ ಅದರ ಭಾರದ ಸುಮಾರು ನಲವತ್ತು ಪಾಲು ಇರುತ್ತದೆ. ಈ ನಿರೋಧವೇ ಅಡ್ಡಗಾಳಿಗೆ ಬಲ ಕೊಡುತ್ತದೆ. ಗುಂಡು ಎಷ್ಟು ಹೊತ್ತು ಗಾಳಿಯಲ್ಲಿತ್ತು ಎಂಬುದೊಂದೇ ಅದರ ಪಕ್ಕಸರಿತವನ್ನು ನಿರ್ಣಯಿಸುವುದಿಲ್ಲ. ನಿರೋಧವೇ ಇಲ್ಲದಿದ್ದರೆ ತಗಲಬಹುದಾಗಿದ್ದ ಕಾಲಕ್ಕಿಂತ ಎಷ್ಟು ತಡವಾಯಿತು ಎಂಬುದೇ ಮುಖ್ಯ. ಆ ತಡವನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿದರೆ ಪಕ್ಕಸರಿತ ದೊರೆಯುತ್ತದೆ. ಸೆಕೆಂಡಿಗೆ 4 ಮೀಟರ್ ಬೀಸುವ ಅಡ್ಡಗಾಳಿಯಲ್ಲಿ ನಮ್ಮ ಗುಂಡು 300 ಮೀಟರಿನಲ್ಲಿ ಸುಮಾರು 14 ಸೆಂಟಿಮೀಟರ್, 500 ಮೀಟರಿನಲ್ಲಿ ಸುಮಾರು 40 ಸೆಂಟಿಮೀಟರ್ ಸರಿಯುತ್ತದೆ. ಗುಂಡಿನ ಬೀಳುವಿಕೆಯನ್ನು ಕೋಷ್ಟಕದಲ್ಲಿ ನೋಡಿಕೊಳ್ಳಬಹುದು; ಹುಲ್ಲು ಬಾಗುವುದನ್ನು ಕಂಡು ಗಾಳಿಯ ವೇಗವನ್ನು ಊಹಿಸುವ ಕಲೆಯನ್ನು ಮಾತ್ರ ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲ.

ಯಾವ ತೋಟೆ?

ಹಾಗಾದರೆ ಬಹು ಬಲವಾದ ತೋಟೆಯನ್ನೇ ಆರಿಸಿದರಾಯಿತಲ್ಲ ಎನ್ನಬಹುದು. 1963ರಲ್ಲಿ ಬಂದ .300 ವಿಂಚೆಸ್ಟರ್ ಮ್ಯಾಗ್ನಮ್ ತೋಟೆ 11.7 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ಎಸೆಯುತ್ತದೆ. ಆದರೆ ನ್ಯೂಟನ್ನನ ಮೂರನೆಯ ನಿಯಮ ಯಾರನ್ನೂ ಬಿಡುವುದಿಲ್ಲ. ಗುಂಡಿಗೂ ಉರಿದ ಮದ್ದಿನ ಅನಿಲಕ್ಕೂ ಮುಂದಕ್ಕೆ ಎಷ್ಟು ಸಂವೇಗ ದೊರೆಯಿತೋ ಅಷ್ಟೇ ಸಂವೇಗ ಕೋವಿಗೆ ಹಿಂದಕ್ಕೆ ದೊರೆಯುತ್ತದೆ. 3.6 ಕಿಲೋಗ್ರಾಂ ತೂಗುವ ಕೋವಿಯಲ್ಲಿ 6.5 ಕ್ರೀಡ್‌ಮೂರ್ ತೋಟೆಯ ಒದೆತದ ಚಲನಶಕ್ತಿ ಸುಮಾರು 17 ಜೂಲ್. ಮ್ಯಾಗ್ನಮ್ ತೋಟೆಯದು ಸುಮಾರು 36 ಜೂಲ್. ಸಂವೇಗ ಒಂದೂವರೆಪಟ್ಟಾಗುವಾಗ, ವೇಗದ ವರ್ಗದ ದೆಸೆಯಿಂದ, ಭುಜಕ್ಕೆ ಬೀಳುವ ಪೆಟ್ಟು ಇಮ್ಮಡಿಯನ್ನೂ ಮೀರುತ್ತದೆ. ಇಂಥ ಪೆಟ್ಟುಗಳನ್ನು ತಿಂದ ಮನುಷ್ಯ ತನಗೆ ತಿಳಿಯದಂತೆಯೇ ಕುದುರೆಯನ್ನು ಎಳೆಯುವ ಮುನ್ನ ಬೆಚ್ಚಿ ಕಣ್ಣು ಮುಚ್ಚುವುದನ್ನು ಕಲಿತುಬಿಡುತ್ತಾನೆ. ಅಲ್ಲಿಗೆ ಗುರಿ ಕೆಟ್ಟಿತು.

ಆದುದರಿಂದ ಪ್ರಾಂಗ್‌ಹಾರ್ನಿಗೂ ಜಿಂಕೆಗೂ 6.5 ಕ್ರೀಡ್‌ಮೂರ್, 1925ರ .270 ವಿಂಚೆಸ್ಟರ್, 1952ರ .308 ವಿಂಚೆಸ್ಟರ್ ಇವುಗಳಲ್ಲಿ ಯಾವುದಾದರೂ ಸಾಲುತ್ತದೆ. ಎಲ್ಕಿನಂಥ ಭಾರಿ ಮೃಗಕ್ಕೆ 1906ರಿಂದ ಬಳಕೆಯಲ್ಲಿರುವ .30-06 ಹೆಚ್ಚು ತಕ್ಕುದು. ಇವೆಲ್ಲವೂ ಬಹು ಜನರು ಬಳಸುವ ತೋಟೆಗಳು. ಅಪರೂಪದ ತೋಟೆಗಳಿಗಿಂತ ಸುಲಭವಾಗಿ ಸಿಗುತ್ತವೆ.

ಅಗ್ಗದ ಕೋವಿ ಸಾಕೆ?

ಒಂದು ಅಂಶದ ಅರವತ್ತನೆಯ ಭಾಗವನ್ನು ನಮ್ಮ ಜ್ಯೋತಿರ್ಗಣಿತದಲ್ಲಿ ‘ಕಲೆ’ ಎನ್ನುತ್ತಾರೆ. ಕೋವಿಯ ನಿಖರತೆಯನ್ನು ಅಳೆಯುವುದೂ ಇದೇ ಮಾನದಿಂದ. ಒಂದು ಕಲೆಯ ಕೋನವು 300 ಮೀಟರ್ ದೂರದಲ್ಲಿ 8.7 ಸೆಂಟಿಮೀಟರ್ ಅಗಲವಾಗುತ್ತದೆ. ಮಿತಬೆಲೆಯ ಒಂದು ಕೋವಿ ತನ್ನ ಗುಂಡುಗಳನ್ನು ಒಂದೂವರೆ ಕಲೆಯೊಳಗೆ ಚೆದರಿಸುತ್ತದೆ, ಬಹು ಬೆಲೆಯ ಕೋವಿ ಅರ್ಧ ಕಲೆಯೊಳಗೆ ಚೆದರಿಸುತ್ತದೆ ಎಂದು ಭಾವಿಸೋಣ. ಬಯಲಿನಲ್ಲಿ ಕುಳಿತು ಹೊಡೆಯುವ ಬೇಟೆಗಾರನ ಕೈಯ ಚೆದರಿಕೆ ಮೂರು ಕಲೆ ಇರಲಿ.

ಪರಸ್ಪರ ಸಂಬಂಧವಿಲ್ಲದ ದೋಷಗಳನ್ನು ನೇರವಾಗಿ ಕೂಡಬಾರದು. ಅವುಗಳ ವರ್ಗಗಳನ್ನು ಕೂಡಿ ವರ್ಗಮೂಲವನ್ನು ತೆಗೆಯಬೇಕು. ಮೂರರ ವರ್ಗ 9. ಒಂದೂವರೆಯ ವರ್ಗ 2.25, ಮೊತ್ತದ ವರ್ಗಮೂಲ 3.35 ಕಲೆ. ಇದು 300 ಮೀಟರಿನಲ್ಲಿ 29 ಸೆಂಟಿಮೀಟರ್ ಆಗುತ್ತದೆ. ಈಗ ಹಣ ಸುರಿದು ಅರ್ಧ ಕಲೆಯ ಕೋವಿಯನ್ನು ತಂದರೆ? 9ಕ್ಕೆ 0.25 ಕೂಡಿದಾಗ ವರ್ಗಮೂಲ 3.04 ಕಲೆ, ಎಂದರೆ 26.5 ಸೆಂಟಿಮೀಟರ್. ಇಷ್ಟಾದರೂ ಗುಂಡುಗಳು ಗೇಣಗಲದೊಳಕ್ಕೆ ಬರಲಿಲ್ಲ! ಅದರ ಬದಲು ಅಗ್ಗದ ಕೋವಿಯನ್ನೇ ಇಟ್ಟುಕೊಂಡು ಅಭ್ಯಾಸದಿಂದ ಕೈಯ ದೋಷವನ್ನು ಮೂರು ಕಲೆಯಿಂದ ಎರಡಕ್ಕೆ ಇಳಿಸಿದರೆ, 4 ಮತ್ತು 2.25 ಕೂಡಿ 6.25, ವರ್ಗಮೂಲ ಸರಿಯಾಗಿ 2.5 ಕಲೆ; 300 ಮೀಟರಿನಲ್ಲಿ 22 ಸೆಂಟಿಮೀಟರ್. ಗೇಣಗಲ ಸಾಧ್ಯವಾಯಿತು. ಲೋಲಕದ ಪ್ರಯೋಗದಲ್ಲಿ ದಾರದ ಉದ್ದವನ್ನು ಮಿಲಿಮೀಟರಿನ ಹತ್ತನೆಯ ಭಾಗದವರೆಗೆ ಅಳೆದು, ಆಂದೋಲನದ ಕಾಲವನ್ನು ಅಜಾಗರೂಕತೆಯಿಂದ ಗುರುತಿಸುವ ವಿದ್ಯಾರ್ಥಿಗಳನ್ನು ನಾವು ಪ್ರತಿವರ್ಷವೂ ನೋಡುತ್ತೇವೆ. ದುಬಾರಿ ಕೋವಿಯನ್ನು ಕೊಂಡು ಅಭ್ಯಾಸ ಮಾಡದವನೂ ಅವರ ಗುಂಪಿಗೇ ಸೇರಿದವನು.

ಕೋವಿ ಅಗ್ಗವಾಗಿದ್ದೂ ನಿಖರವಾಗಿರುವುದು ಹೇಗೆ? ತಯಾರಿಕೆಯ ವಿಧಾನದಿಂದ. 1958ರ ಸ್ಯಾವೇಜ್ 110 ಕೋವಿಯಲ್ಲಿ ನಳಿಗೆಯನ್ನು ತಿರುಗಿಸಿ, ತೋಟೆ ಕೂರುವ ಅಂತರವನ್ನು ಸರಿಪಡಿಸಿ, ಒಂದು ನಟ್ಟಿನಿಂದ ಬಿಗಿಯುವ ಏರ್ಪಾಡಿದೆ. ನುರಿತ ಕಮ್ಮಾರನ ಅರದ ಕೆಲಸ ಇದರಿಂದ ಉಳಿಯಿತು. 1962ರ ರೆಮಿಂಗ್ಟನ್ 700 ಕೋವಿಯ ಒಡಲನ್ನು ದುಂಡನೆಯ ಉಕ್ಕಿನ ಸಲಾಕೆಯಿಂದ ಕಡೆದು ಮಾಡಿದರು. ರೂಗರ್ ಅಮೆರಿಕನ್, ಟಿಕ್ಕಾ ಮುಂತಾದವುಗಳ ನಳಿಗೆಗಳನ್ನು ಯಂತ್ರದ ಸುತ್ತಿಗೆಗಳೇ ಬಡಿದು ರೂಪಿಸುತ್ತವೆ. ಒಳ್ಳೆಯ ಮರ, ಕೆತ್ತನೆ, ಹೊಳಪು ಇವು ಬೆಲೆಯನ್ನು ಏರಿಸುತ್ತವೆ. ಗುಂಡಿಗೆ ಅವುಗಳ ಪರಿಚಯವಿಲ್ಲ.

ಕೊಳ್ಳುವವನು ಮೂರು ಸಂಗತಿಗಳನ್ನು ಪರೀಕ್ಷಿಸಬೇಕು. ನಳಿಗೆಗೂ ಅದರ ಕೆಳಗಿನ ಹಿಡಿಗೂ ನಡುವೆ ಒಂದು ಕಾಗದ ಸರಾಗವಾಗಿ ಜಾರಬೇಕು. ತಾಗಿಕೊಂಡಿದ್ದರೆ ನಳಿಗೆ ಬಿಸಿಯಾದಂತೆ ಅದರ ಮೇಲಿನ ಒತ್ತಡವೂ ಕಂಪನದ ರೀತಿಯೂ ಬದಲಾಗುತ್ತವೆ. ಕುದುರೆಯನ್ನು ಎಳೆಯಲು ಬೇಕಾದ ಬಲ ಕೋವಿಯ ಭಾರಕ್ಕಿಂತ ಬಹಳ ಕಡಿಮೆಯಿರಬೇಕು. ಇಲ್ಲವಾದರೆ ಎಳೆಯುವ ಬೆರಳೇ ಕೋವಿಯನ್ನು ಅಲುಗಿಸುತ್ತದೆ. ಹಿಡಿಯ ಉದ್ದ ಹೊಡೆಯುವವನ ತೋಳಿಗೆ ಹೊಂದಬೇಕು.

ದೂರದರ್ಶಕ

ಕೋವಿಯ ಮೇಲೆ ಕೂರುವ ದೂರದರ್ಶಕದ ವಿಷಯದಲ್ಲಿ ವರ್ಧನವೇ ಸರ್ವಸ್ವವೆಂದು ಭ್ರಮಿಸಬಾರದು. ಮುಂದಿನ ಮಸೂರದ ವ್ಯಾಸವನ್ನು ವರ್ಧನದಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ವ್ಯಾಸ ತಿಳಿಯುತ್ತದೆ. 40 ಮಿಲಿಮೀಟರ್ ಮಸೂರದಲ್ಲಿ ಹತ್ತು ಪಟ್ಟು ವರ್ಧನಕ್ಕೆ ಅದು 4 ಮಿಲಿಮೀಟರ್. ಇಪ್ಪತ್ತು ಪಟ್ಟಿಗೆ 2 ಮಿಲಿಮೀಟರ್ ಮಾತ್ರ. ಮೃಗಗಳು ಸಂಚರಿಸುವ ಮಬ್ಬುಬೆಳಕಿನಲ್ಲಿ ನಮ್ಮ ಕಣ್ಣಿನ ಪಾಪೆ ಇದಕ್ಕಿಂತ ಹಿರಿದಾಗಿ ಅರಳಿರುತ್ತದೆ. ಆಗ ಹೆಚ್ಚಿನ ವರ್ಧನ ಚಿತ್ರವನ್ನು ಮಂಕಾಗಿಸುತ್ತದೆ. ಹತ್ತು ಪಟ್ಟು ಸಾಕು. ಅದಕ್ಕಿಂತ ಮುಖ್ಯವಾದುದು, ಗುರಿಯನ್ನು ಹೊಂದಿಸುವ ತಿರುಪನ್ನು ಹತ್ತು ಸಲ ಮೇಲಕ್ಕೂ ಹತ್ತು ಸಲ ಕೆಳಕ್ಕೂ ತಿರುಗಿಸಿದ ಬಳಿಕ ಅದು ಮೊದಲಿನ ಸ್ಥಾನಕ್ಕೇ ಬರುವುದು. ಅಳತೆಯ ಉಪಕರಣಕ್ಕೆ ಪುನರಾವೃತ್ತಿಯ ನಿಷ್ಠೆಯೇ ಪ್ರಾಣ.

ಹಣದ ಹಂಚಿಕೆ

ನಮ್ಮ ಬೇಟೆಗಾರನಲ್ಲಿ 2,000 ಡಾಲರ್ ಇದೆಯೆಂದು ಇಟ್ಟುಕೊಳ್ಳೋಣ. ಮೇಲಿನ ವಿಚಾರಗಳಿಂದ ಹೊರಡುವ ಒಂದು ಹಂಚಿಕೆ ಹೀಗಿರಬಹುದು: ಕೋವಿಗೆ 700, ದೂರದರ್ಶಕಕ್ಕೆ 500, ಅದರ ಬಳೆಗಳಿಗೂ ಕೋವಿಯ ಊರುಗೋಲಿಗೂ 150, ದೂರವನ್ನು ಲೇಸರ್ ಕಿರಣದಿಂದ ಅಳೆಯುವ ಉಪಕರಣಕ್ಕೆ 250, ಉಳಿದ 400 ಡಾಲರು ಅಭ್ಯಾಸದ ತೋಟೆಗಳಿಗೆ. ತೋಟೆಯೊಂದಕ್ಕೆ ಎರಡು ಡಾಲರೆಂದರೆ ಇನ್ನೂರು ತೋಟೆಗಳಾದುವು. ಹಂಚಿಕೆ ಸ್ವಲ್ಪ ಹೆಚ್ಚುಕಡಮೆಯಾಗಬಹುದು; ಕೊನೆಯ ಬಾಬನ್ನು ಮಾತ್ರ ಕತ್ತರಿಸಕೂಡದು. ನಾವು ಕಂಡ ದೋಷಗಳಲ್ಲೆಲ್ಲ ದೊಡ್ಡದನ್ನು ತಿದ್ದುವುದು ಅದೇ.

ಕೊಡಗಿನಲ್ಲಿ ಕೈಲ್ ಮುಹೂರ್ತದ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಅಲ್ಲಿ ನೆರೆದವರು ಕೋವಿಯ ಬೆಲೆಯನ್ನು ಕೇಳುವುದಿಲ್ಲ. ಕಾಯಿ ಒಡೆಯಿತೆ ಎಂದು ನೋಡುತ್ತಾರೆ. ನಮ್ಮ ಬೇಟೆಗಾರನಿಗೂ ಇಂಥದೇ ಒಂದು ಪರೀಕ್ಷೆ ಬೇಕು. ಗೇಣಗಲದ ತಟ್ಟೆಯೊಂದನ್ನು ಇಟ್ಟು, ಗುಡ್ಡವನ್ನು ಹತ್ತಿ ಏದುಸಿರು ಬಿಡುತ್ತಿರುವಾಗ, ಗಾಳಿ ಬೀಸುತ್ತಿರುವಾಗ, ನೆಲದ ಮೇಲೆ ಕುಳಿತು ಅವನು ಹೊಡೆಯಲಿ. ದಿನಕ್ಕೆ ಒಂದರಂತೆ ಬೇರೆ ಬೇರೆ ದಿನಗಳಲ್ಲಿ ಹೊಡೆದ ಮೊದಲ ಗುಂಡುಗಳೆಲ್ಲ ಎಷ್ಟು ದೂರದವರೆಗೆ ತಟ್ಟೆಗೆ ತಗಲುವುವೋ ಅಷ್ಟೇ ಅವನ ಮೇರೆ. ಅದು ಇನ್ನೂರು ಮೀಟರಾದರೆ ಇನ್ನೂರು, ನೂರೈವತ್ತಾದರೆ ನೂರೈವತ್ತು.

ಐನೂರು ಮೀಟರಿಗೆ ಗುಂಡು ತಲಪಲು 0.7 ಸೆಕೆಂಡು ಬೇಕೆಂದೆವು. ಸೆಕೆಂಡಿಗೆ ಒಂದು ಮೀಟರಿನಂತೆ ಮೆಲ್ಲನೆ ಹೆಜ್ಜೆಯಿಡುವ ಪ್ರಾಣಿಯೂ ಅಷ್ಟರಲ್ಲಿ 70 ಸೆಂಟಿಮೀಟರ್ ಮುಂದೆ ಸಾಗಿರುತ್ತದೆ. ಕುದುರೆಯನ್ನು ಎಳೆದಾದ ಮೇಲೆ ಆ ಹೆಜ್ಜೆಯನ್ನು ತಡೆಯಲು ಯಾವ ಬೆಲೆಯ ಕೋವಿಯಿಂದಲೂ ಆಗದು. ತನ್ನ ಮೇರೆಯನ್ನು ಅರಿತು, ಅದರಾಚೆಯ ಮೃಗವನ್ನು ನೋಡಿಯೂ ಕೋವಿಯನ್ನು ಕೆಳಗಿಳಿಸಬಲ್ಲವನೇ ಈ ಲೆಕ್ಕವನ್ನು ಸರಿಯಾಗಿ ಬಿಡಿಸಿದವನು.