ಗುಟ್ಟಿನ ಮಾತ್ರೆಗೆ ಬಗ್ಗದ ಗೊನೋರಿಯಾ



ಸಂಘದ ಸಭೆಯಲ್ಲಿ ಸಾಲ, ಉಳಿತಾಯದ ಬಗ್ಗೆ ಮನಬಿಚ್ಚಿ ಮಾತಾಡುತ್ತೀರಿ. ಬಿಳಿ ಹೋಗುವುದು, ಉರಿಮೂತ್ರ ಅಂದರೆ ಮಾತ್ರ ಬಾಯಿ ಕಟ್ಟುತ್ತದೆ. ಎಷ್ಟೋ ಜನ ಗುಟ್ಟಾಗಿ ಮೆಡಿಕಲ್ ಶಾಪಿನಿಂದ ನಾಲ್ಕು ಮಾತ್ರೆ ತರಿಸಿ ನುಂಗಿ ಸುಮ್ಮನಾಗುತ್ತಾರೆ. ಕಾಯಿಲೆ ಗೊನೋರಿಯಾ ಆಗಿದ್ದರೆ ಇದು ಅಪಾಯ.

ರೋಗ ಯಾವುದು?
ಇದು ಲೈಂಗಿಕ ಸಂಪರ್ಕದಿಂದ ಹರಡುವ ರೋಗಾಣು. ಗಂಡಸರಿಗೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಉರಿ, ಕೀವು ಕಾಣಿಸುತ್ತದೆ. ಹೆಂಗಸರಲ್ಲಿ ಅನೇಕರಿಗೆ ಲಕ್ಷಣವೇ ಇರುವುದಿಲ್ಲ. ಒಳಗೊಳಗೇ ಗರ್ಭನಾಳ ಕೆಟ್ಟು ಬಂಜೆತನ ಬರಬಹುದು. ಹೆರಿಗೆಯಲ್ಲಿ ಮಗುವಿನ ಕಣ್ಣಿಗೂ ತಗಲಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ 8 ಕೋಟಿ 20 ಲಕ್ಷ ಜನರಿಗೆ ಇದು ಹೊಸದಾಗಿ ತಗಲಿತು.

ಮಾತ್ರೆ ಏಕೆ ಸೋಲುತ್ತದೆ?
ಪೆನಿಸಿಲಿನ್, ಟೆಟ್ರಾಸೈಕ್ಲಿನ್, ಆಮೇಲೆ ಸಿಪ್ರೋಫ್ಲಾಕ್ಸಾಸಿನ್: ಒಂದೊಂದನ್ನೂ ಈ ರೋಗಾಣು ಗೆದ್ದಿದೆ. ತಪ್ಪು ಮಾತ್ರೆ, ಅರ್ಧ ಡೋಸು ತೆಗೆದುಕೊಂಡರೆ ಅದು ಇನ್ನೂ ಗಟ್ಟಿಯಾಗುತ್ತದೆ. ಇಂದು ಹೆಚ್ಚು ನೆಚ್ಚಿರುವುದು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್. ಅದಕ್ಕೂ ಬಗ್ಗದ ರೋಗಾಣು ಕೆಲವು ದೇಶಗಳಲ್ಲಿ ಕಂಡಿದೆ. 2025ರ ಡಿಸೆಂಬರಿನಲ್ಲಿ ಅಮೆರಿಕ ಎರಡು ಹೊಸ ಔಷಧಿಗಳಿಗೆ ಒಪ್ಪಿಗೆ ಕೊಟ್ಟಿತು. ಹಾಗಂತ ಇರುವ ಔಷಧಿಯನ್ನು ಹಾಳುಮಾಡಿಕೊಳ್ಳಬಾರದು.

ಯಾವ ಪರೀಕ್ಷೆ?
ಗರ್ಭಕೊರಳಿನಿಂದ ಹತ್ತಿಕಡ್ಡಿಯಲ್ಲಿ ಸ್ರಾವ ತೆಗೆಯುತ್ತಾರೆ. ಕಲ್ಚರ್ ಪರೀಕ್ಷೆಯಲ್ಲಿ ರೋಗಾಣುವನ್ನು ಬೆಳೆಸಿ, ಯಾವ ಔಷಧಿಗೆ ಸಾಯುತ್ತದೆ ಎಂದು ನೋಡುತ್ತಾರೆ. ಚಿಕಿತ್ಸೆಯಾದ ಮೇಲೂ ತೊಂದರೆ ನಿಲ್ಲದಿದ್ದರೆ ಮಾತ್ರೆ ಬದಲಿಸಬೇಡಿ. ಮತ್ತೆ ಹೋಗಿ, ಕಲ್ಚರ್ ಬೇಕೇ ಎಂದು ಡಾಕ್ಟರನ್ನು ಕೇಳಿ.

ಇಬ್ಬರಿಗೂ ಚಿಕಿತ್ಸೆ
ಬ್ರಿಟಿಷರು 1868ರಲ್ಲಿ ತಂದ ಕಾಯ್ದೆಯಡಿ ಹೆಂಗಸರನ್ನು ಬಲವಂತವಾಗಿ ಪರೀಕ್ಷಿಸಿ ಕೂಡಿಹಾಕುತ್ತಿದ್ದರು. ಸೋಲ್ಜರುಗಳಿಗೆ ಆ ಕಾಯ್ದೆ ಅನ್ವಯಿಸುತ್ತಿರಲಿಲ್ಲ. 1888ರಲ್ಲಿ ಕಾಯ್ದೆ ಹೋಯಿತು. ಹೆಂಗಸಿನ ಮೇಲೇ ತಪ್ಪು ಹೊರಿಸುವ ಬುದ್ಧಿ ಪೂರ್ತಿ ಹೋಗಿಲ್ಲ. ಹೆಂಡತಿ ವಾಸಿಯಾಗಿ ಗಂಡ ಔಷಧಿ ತೆಗೆದುಕೊಳ್ಳದಿದ್ದರೆ ರೋಗ ಮತ್ತೆ ಬರುತ್ತದೆ. ಇಬ್ಬರೂ ಒಟ್ಟಿಗೆ ಹೋಗಿ. ಚಿಕಿತ್ಸೆಯ ನಂತರ 7 ದಿನ ಸಂಪರ್ಕ ಬೇಡ.

ಎಲ್ಲಿಗೆ ಹೋಗುವುದು?
ಶಿವಾಜಿನಗರ, ಹಲಸೂರಿನವರಿಗೆ ಬೌರಿಂಗ್ ಆಸ್ಪತ್ರೆಯ ಚರ್ಮ ಮತ್ತು ಗುಹ್ಯರೋಗ ವಿಭಾಗ ಹತ್ತಿರ. ಇಂದಿರಾನಗರದವರು ಸರ್ ಸಿ.ವಿ. ರಾಮನ್ ಆಸ್ಪತ್ರೆಯಲ್ಲಿ, ಕೆ.ಆರ್. ಪುರದವರು ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಸರ್ಕಾರದ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಚಿಕಿತ್ಸೆ ಉಚಿತ. ಮಾಹಿತಿಗೆ 1097ಕ್ಕೆ ಫೋನ್ ಮಾಡಿ, ಹಣ ಕೊಡಬೇಕಿಲ್ಲ. ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ.

ಸಂಘದಲ್ಲಿ ಚರ್ಚಿಸಿ:
1. ಇಂಥ ತೊಂದರೆ ಹೇಳಿಕೊಳ್ಳಲು ನಮ್ಮನ್ನು ತಡೆಯುವುದು ಏನು?
2. ಗಂಡನನ್ನು ಆಸ್ಪತ್ರೆಗೆ ಒಪ್ಪಿಸುವುದು ಹೇಗೆ?
3. ಒಂಟಿಯಾಗಿ ಹೋಗಲು ಹೆದರುವ ಸದಸ್ಯೆಯ ಜೊತೆಗೆ ಯಾರು ಹೋಗುತ್ತೀರಿ?